ಸಿಡ್ನಿಗೆ ಹೊಸದಾಗಿ ಬಂದವರಿಗೆ: ಆಕಾಶದ ಚಿತ್ರಗಳು ಯಾರವು?

ಸಿಡ್ನಿಗೆ ಬಂದ ಹೊಸತರಲ್ಲೇ ಚುಕ್ಕಿ ಚುಕ್ಕಿಯ ಚಿತ್ರಗಳು ನಿಮ್ಮ ಕಣ್ಣಿಗೆ ಬೀಳುತ್ತವೆ. ಶಾಲೆಯ ಗೋಡೆ, ಆಫೀಸಿನ ಲಾಬಿ, ಆಟಗಾರರ ಜೆರ್ಸಿ, ಎಲ್ಲಾ ಕಡೆ. ಅದರಲ್ಲಿ ನಕ್ಷತ್ರಗಳ ಚಿತ್ರಗಳೂ ಇರುತ್ತವೆ. "ನಮ್ಮ ರಂಗೋಲಿ ಥರಾನೇ ಇದೆ" ಅಂತ ನಮ್ಮವರು ತಕ್ಷಣ ಹೇಳುತ್ತಾರೆ. ಆದರೆ ರಂಗೋಲಿಯನ್ನು ಯಾರು ಬೇಕಾದರೂ ನೋಡಿ ಕಲಿತು ತಮ್ಮ ಮನೆ ಮುಂದೆ ಹಾಕಬಹುದು. ಇಲ್ಲಿನ ಮೂಲನಿವಾಸಿಗಳ ಚಿತ್ರದೊಳಗಿನ ಕಥೆಗೆ ವಾರಸುದಾರರಿದ್ದಾರೆ. ಯಾರು ಬಿಡಿಸಬಹುದು, ಹೊರಗಿನವರಿಗೆ ಎಷ್ಟು ತೋರಿಸಬಹುದು ಅನ್ನುವುದು ಆ ಜನ ತೀರ್ಮಾನಿಸುವ ವಿಷಯ.

ಮೀಟಿಂಗ್ ಶುರುವಾಗುವ ಮೊದಲು ಈ ನೆಲದ ಮೂಲ ಒಡೆಯರಿಗೆ ಗೌರವ ಸಲ್ಲಿಸುವ ಎರಡು ಮಾತು ಕೇಳುತ್ತೀರಿ. ಅಲ್ಲಿ ಬರುವ 'ಕಂಟ್ರಿ' ಎಂಬುದರಲ್ಲಿ ನೆಲ, ಹೊಳೆ, ಸಮುದ್ರ, ಪ್ರಾಣಿಗಳು, ಹಿರೀಕರು, ಮೇಲಿನ ಆಕಾಶ ಎಲ್ಲವೂ ಸೇರಿವೆ. ಹಾಗಾಗಿ ಆಕಾಶದ ಚಿತ್ರವೂ ಅವರ ಊರಿನ ಚಿತ್ರವೇ.

ಇದನ್ನು ಓದಿ ತಿಳಿಯುವುದಕ್ಕಿಂತ ಒಮ್ಮೆ ನೋಡುವುದು ಮೇಲು. ಏಪ್ರಿಲ್, ಮೇ ತಿಂಗಳಲ್ಲಿ ಅಮಾವಾಸ್ಯೆಯ ಆಸುಪಾಸು ಊರ ದೀಪಗಳಿಂದ ದೂರ ಹೋಗಿ. ಸದರ್ನ್ ಕ್ರಾಸ್ ಎಂಬ ನಕ್ಷತ್ರಪುಂಜದ ಪಕ್ಕದಲ್ಲೇ ಆಕಾಶಗಂಗೆಯಲ್ಲಿ ಒಂದು ಕಪ್ಪು ಮಚ್ಚೆ ಕಾಣುತ್ತದೆ. ಅದು ಎಮು ಹಕ್ಕಿಯ ತಲೆ. ಅಲ್ಲಿಂದ ಉದ್ದ ಕತ್ತು, ಆಮೇಲೆ ಮೈ. ನಕ್ಷತ್ರಗಳನ್ನು ಜೋಡಿಸಲು ಹೋಗಬೇಡಿ, ನಡುವಿನ ಕತ್ತಲನ್ನು ನೋಡಿ. ಕಮಿಲರಾಯ್ ಮತ್ತು ಯುವಲರಾಯ್ ಎಂಬ ಮೂಲನಿವಾಸಿ ಜನರಿಗೆ ಇದೇ ಕ್ಯಾಲೆಂಡರ್. ಈ ತಿಂಗಳುಗಳಲ್ಲಿ ಆಕಾಶದ ಎಮು ಓಡುತ್ತಿರುವಂತೆ ಕಾಣುತ್ತದೆ, ನೆಲದ ಮೇಲೆ ಎಮುಗಳು ಜೊತೆಗೂಡುವ ಕಾಲ. ಜೂನ್, ಜುಲೈ ಹೊತ್ತಿಗೆ ಕಾಲು ಮರೆಯಾಗಿ ಗೂಡಿನ ಮೇಲೆ ಕೂತಂತೆ ಕಾಣುತ್ತದೆ. ಆಗ ಮೊಟ್ಟೆ ಸಿಗುವ ಸಮಯ. ಕಾವು ಕೊಡುವುದು ಗಂಡು ಹಕ್ಕಿ, ಗೊತ್ತಾ? ಸಿಡ್ನಿಯ ಉತ್ತರಕ್ಕಿರುವ ಕು-ರಿಂಗ್-ಗಾಯ್ ಚೇಸ್ ರಾಷ್ಟ್ರೀಯ ಉದ್ಯಾನದ ಎಲ್ವಿನಾ ಟ್ರ್ಯಾಕ್‌ನಲ್ಲಿ ಬಂಡೆಯ ಮೇಲೆ ಕೆತ್ತಿದ ಎಮು ಇದೆ. ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ, ಆದರೆ ಗೆರೆಗಳ ಮೇಲೆ ಕಾಲಿಡಲು ಬಿಡಬೇಡಿ.

ಚಿತ್ರಕಾರರಲ್ಲಿ ನಾನು ಮೊದಲು ಹೆಸರಿಸುವುದು ಗುಲುಂಬು ಯುನುಪಿಂಗು ಅವರನ್ನು. ಉತ್ತರದ ಆರ್ನ್‌ಹೆಮ್ ಲ್ಯಾಂಡ್‌ನ ಯೊಲ್ಙು ಸಮುದಾಯದ ಹೆಣ್ಣುಮಗಳು. ಅವರ ಚಿತ್ರವನ್ನು ಹತ್ತಿರದಿಂದ ನೋಡಿ. ಒಂದೊಂದು ನಕ್ಷತ್ರವೂ ಪುಟ್ಟ ಶಿಲುಬೆಯ ಹಾಗೆ, ನಟ್ಟನಡುವೆ ಒಂದು ಚುಕ್ಕಿ. ನಕ್ಷತ್ರಗಳ ಮಧ್ಯೆ ಜಾಗ ಬಿಡದೆ ಸಣ್ಣ ಚುಕ್ಕಿಗಳು, ಕಣ್ಣಿಗೆ ಕಾಣದೆ ಅದರಾಚೆ ಇರುವ ಎಲ್ಲದರ ಗುರುತಾಗಿ. ಬಿಡಿಸಿರುವುದು ನೀಲಗಿರಿ ಜಾತಿಯ ಮರದ ತೊಗಟೆಯ ಮೇಲೆ, ಗೆದ್ದಲು ತಿಂದು ಟೊಳ್ಳಾದ ಕಂಬಗಳ ಮೇಲೆ. ಬಣ್ಣ ಅಂದರೆ ಕೆಮ್ಮಣ್ಣು, ಹಳದಿ ಮಣ್ಣು, ಬಿಳಿ ಜೇಡಿ. ಆಕಾಶ ಬಿಡಿಸಲು ಬೇಕಾದದ್ದೆಲ್ಲ ಅದರ ಕೆಳಗಿನ ನೆಲದ್ದೇ. ನನಗೆ ಇದಕ್ಕಿಂತ ದೊಡ್ಡ ವಿವರಣೆ ಬೇಕಿಲ್ಲ. 2004ರಲ್ಲಿ ಅವರಿಗೆ ಮೂಲನಿವಾಸಿ ಕಲೆಯ ರಾಷ್ಟ್ರೀಯ ಪ್ರಶಸ್ತಿ ಬಂತು. 2006ರಲ್ಲಿ ತೆರೆದ ಪ್ಯಾರಿಸ್‌ನ ಕೇ ಬ್ರಾನ್ಲಿ ಮ್ಯೂಸಿಯಂ ಕಟ್ಟಡದ ಒಂದು ಚಾವಣಿಯಲ್ಲಿ ಅವರ ನಕ್ಷತ್ರಗಳಿವೆ. 2012ರಲ್ಲಿ ತೀರಿಕೊಂಡರು. ಹಲವು ಸಮುದಾಯಗಳಲ್ಲಿ ತೀರಿಕೊಂಡವರ ಹೆಸರನ್ನು ಕೆಲ ಕಾಲ ಹೇಳುವುದಿಲ್ಲ. ತೀರಿಕೊಂಡವರ ಹೆಸರು ಬರಬಹುದು ಎಂದು ಟಿವಿಯಲ್ಲಿ ಮೊದಲೇ ಎಚ್ಚರಿಕೆ ಹಾಕುವುದು ಅದಕ್ಕೇ.

ನಮ್ಮ ಪಂಚಾಂಗದ ಕೃತ್ತಿಕೆ ಇಲ್ಲಿ ಏಳು ಅಕ್ಕತಂಗಿಯರು. ಬೆನ್ನಟ್ಟಿದ ಗಂಡಸಿನಿಂದ ತಪ್ಪಿಸಿಕೊಳ್ಳುತ್ತ ಮರುಭೂಮಿ ದಾಟಿ ಕೊನೆಗೆ ಆಕಾಶ ಸೇರಿದವರು. ಅವರು ನಿಂತ ಕಡೆಯೆಲ್ಲ ನೀರಿನ ಹೊಂಡ, ಬಂಡೆ, ಗುಹೆ. ಹಾಗಾಗಿ ಚಿತ್ರದಲ್ಲಿ ಕಥೆಯ ಜೊತೆ ನೀರು ಸಿಗುವ ದಾರಿಯೂ ಇರುತ್ತದೆ.

ಬೆಂಗಳೂರಿನವರಿಗೆ ಇನ್ನೊಂದು ವಿಷಯ. ಪಶ್ಚಿಮ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿರುವ ವೈಡ್‌ಫೀಲ್ಡ್ ಅರೇ ಎಂಬ ರೇಡಿಯೊ ದೂರದರ್ಶಕದಲ್ಲಿ ನಮ್ಮ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯ ಪಾಲೂ ಇದೆ. ಅದು ನಿಂತಿರುವುದು ವಜಾರಿ ಯಮಾಜಿ ಜನರ ನೆಲದಲ್ಲಿ. ಅಲ್ಲಿನ ಕಲಾವಿದರು ಖಗೋಳ ವಿಜ್ಞಾನಿಗಳ ಜೊತೆ ರಾತ್ರಿ ಆಕಾಶದಡಿ ಕೂತು ಕಥೆ ಹಂಚಿಕೊಂಡು ಬಿಡಿಸಿದ ಚಿತ್ರಗಳು 2009ರಲ್ಲಿ 'ಇಲ್ಗರಿಜಿರಿ' ಪ್ರದರ್ಶನವಾದವು.

ಚಿತ್ರ ಕೊಳ್ಳುವಾಗ ಸ್ವಲ್ಪ ಹುಷಾರು. ಪ್ರವಾಸಿ ಅಂಗಡಿಗಳ ಅಗ್ಗದ ಬೂಮರಾಂಗ್‌ಗಳಲ್ಲಿ ನಕಲಿ ಜಾಸ್ತಿ. ಇಂಡೋನೇಷ್ಯಾದಲ್ಲಿ ಮಾಡಿಸಿದ್ದನ್ನು ಅಸಲಿ ಎಂದು ಮಾರಿದ ಒಂದು ಕಂಪನಿಗೆ 2019ರಲ್ಲಿ ಕೋರ್ಟು 23 ಲಕ್ಷ ಡಾಲರ್ ದಂಡ ಹಾಕಿತು. ಕಲಾವಿದರ ಹೆಸರು, ಅವರ ಊರು, ಚಿತ್ರದ ಕಥೆ, ಅವರಿಗೆ ಹಣ ಹೇಗೆ ಹೋಗುತ್ತದೆ, ಇಷ್ಟನ್ನು ಕೇಳಿ. ಸಂಕೋಚ ಬೇಡ. ಉತ್ತರ ಬರದಿದ್ದರೆ ಹೊರಟುಬಿಡಿ. ಸಮುದಾಯಗಳೇ ನಡೆಸುವ ಕಲಾ ಕೇಂದ್ರಗಳಿಂದ ಕೊಂಡರೆ ಚಿಂತೆಯಿಲ್ಲ. ಬರೀ ನೋಡಲು ಆಸೆಯಿದ್ದರೆ ಸಿಡ್ನಿಯ ಆರ್ಟ್ ಗ್ಯಾಲರಿ ಆಫ್ ನ್ಯೂ ಸೌತ್ ವೇಲ್ಸ್‌ನಲ್ಲಿ ಮೂಲನಿವಾಸಿ ಕಲೆಯ ಯಿರಿಬಾನಾ ವಿಭಾಗ ಇದೆ, ಪ್ರವೇಶ ಉಚಿತ.

ಕೊನೆಗೆ, ನಮ್ಮ ಸಂಘದ ಕಾರ್ಯಕ್ರಮಗಳ ಬಗ್ಗೆ. ರಾಜ್ಯೋತ್ಸವದ ಬ್ಯಾನರ್‌ಗೆ ಸುಮ್ನೆ ಚುಕ್ಕಿ ಇಟ್ಟು "ಇಲ್ಲಿನ ಶೈಲಿ" ಎನ್ನುವುದು ಬೇಡ. ನಿಮ್ಮ ಪ್ರದೇಶದ ಅಬಾರಿಜಿನಲ್ ಲ್ಯಾಂಡ್ ಕೌನ್ಸಿಲ್‌ಗೆ (ಮೂಲನಿವಾಸಿಗಳ ನೆಲದ ಹಕ್ಕು ನೋಡಿಕೊಳ್ಳುವ ಮಂಡಳಿ) ಫೋನ್ ಮಾಡಿ, ಸ್ಥಳೀಯ ಕಲಾವಿದರನ್ನೋ ಹಿರಿಯರನ್ನೋ ಕರೆಯಿರಿ. ಸಂಭಾವನೆ ಎಷ್ಟು ಎಂದು ಮೊದಲೇ ಕೇಳಿ ಕೊಡಿ. ಜುಲೈಯಲ್ಲಿ ಮೂಲನಿವಾಸಿಗಳ ಸಂಸ್ಕೃತಿಯನ್ನು ಆಚರಿಸುವ ನೈಡಾಕ್ ವಾರ ಇರುವುದರಿಂದ ಆಗ ಅವರಿಗೆ ಪುರುಸೊತ್ತು ಕಡಿಮೆ, ತಿಂಗಳ ಮೊದಲೇ ಮಾತಾಡಿಕೊಳ್ಳಿ.