ಬೆಕ್ಕಿನ ಹಾಗೆ ನಡೆಯಿರಿ, ಬೆಕ್ಕಿನ ಹಾಗೆ ಕಣ್ಣು ಮುಚ್ಚಬೇಡಿ

ಅಕ್ಕನ ಮಗ ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾನೆ. ಜುಲೈನಲ್ಲಿ ನಾಲ್ಕು ದಿನ ರಜೆ ಸಿಕ್ಕಿತೆಂದು ಲ್ಯಾಪ್‌ಟಾಪ್ ಹೊತ್ತು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದ. ಹಿಡಿದ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಅಡಿಕೆಗೆ ಔಷಧಿ ಹೊಡೆಯಬೇಕಾದವರು ಮಳೆ ಹೊಳವಾಗಲಿ ಎಂದು ಜಗಲಿಯಲ್ಲಿ ಎಲೆ ಹಾಕುತ್ತಾ ಕೂತಿದ್ದರು. ಇವನು ಇನ್ನೊಂದು ಮೂಲೆಯಲ್ಲಿ ಕಂಬಕ್ಕೆ ಒರಗಿ, ಕಾವಲಿನ ಗಾರ್ಡ್‌ಗಳ ಕಣ್ಣಿಗೆ ಬೀಳದೆ ಕದ್ದು ನಡೆಯುವ ಒಂದು ಗೇಮ್ ಆಡುತ್ತಿದ್ದ. ಐದು ನಿಮಿಷಕ್ಕೊಮ್ಮೆ ‘ಥತ್’ ಅನ್ನುತ್ತಿದ್ದ.

‘ಮಾವ, ನಾನು ಕತ್ತಲಲ್ಲೇ ಇದ್ದೆ. ಪೀಪಾಯಿ ಹಿಂದೆ ಕೂತಿದ್ದೆ. ಆದರೂ ಗಾರ್ಡ್‌ಗೆ ಹೇಗೆ ಕಂಡೆ?’

ಹೋಗಿ ನೋಡಿದೆ. ಪೀಪಾಯಿ ಅವನ ಎದುರಿಗಿತ್ತು, ನಿಜ. ಗಾರ್ಡ್ ಬರುತ್ತಿದ್ದದ್ದು ಮಾತ್ರ ಪಕ್ಕದ ಮೆಟ್ಟಿಲಿನಿಂದ. ಹುಡುಗನಿಗೆ ತನ್ನ ಮುಂದೆ ಇರುವುದಷ್ಟೇ ಕಾಣುತ್ತಿತ್ತು. ತನ್ನ ಬೆನ್ನು, ಭುಜ, ಕಾಲು ಎಲ್ಲಿವೆ ಎಂಬುದು ತೆರೆಯ ಮೇಲೆ ಬರುವುದೇ ಇಲ್ಲ. ಕ್ಯಾಮೆರಾ ನಮ್ಮ ಕಣ್ಣಿನ ಜಾಗದಲ್ಲೇ ಇರುವ ಆಟಗಳ ತೊಂದರೆ ಇದೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ: ನನಗೆ ಯಾರೂ ಕಾಣುತ್ತಿಲ್ಲ, ಹಾಗಾಗಿ ನಾನೂ ಯಾರಿಗೂ ಕಾಣುತ್ತಿಲ್ಲ ಅಂದುಕೊಳ್ಳುತ್ತೇವೆ.

ಅವನು ಆಡುತ್ತಿದ್ದದ್ದು ಅರ್ಕೇನ್ ಸ್ಟುಡಿಯೋಸ್‌ನವರ ‘ಡಿಸ್‌ಆನರ್ಡ್’. 2012ರ ಆಟ. ಹಳೆಯದಾದ್ದರಿಂದ ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ಕದ್ದು ನಡೆಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ನನಗಂತೂ ಗೊತ್ತಿಲ್ಲ. ರಕ್ತಪಾತ ಜಾಸ್ತಿ, ದೊಡ್ಡವರಿಗಾಗಿ ಮಾಡಿದ ಆಟ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರು ಮಲಗಿದ ಮೇಲೆ ಆಡಿ.

ಆಡಲು ಕೂರುವ ಮೊದಲು

ಹೆಡ್‌ಫೋನ್ ಬೇಕೇ ಬೇಕು. ಲ್ಯಾಪ್‌ಟಾಪ್‌ನ ಸ್ಪೀಕರ್‌ನಲ್ಲಿ ಗಾರ್ಡ್ ಎಡಕ್ಕಿದ್ದಾನೋ ಬಲಕ್ಕಿದ್ದಾನೋ ತಿಳಿಯುವುದಿಲ್ಲ. ಹಂಚಿನ ಮೇಲೆ ಮಳೆ ಸುರಿಯುವ ನಮ್ಮ ಮನೆಯಲ್ಲಂತೂ ಅವನ ಬೂಟಿನ ಸದ್ದು ಕೇಳುವ ಮಾತೇ ಇಲ್ಲ.

ಎರಡನೆಯದು ಬ್ರೈಟ್‌ನೆಸ್. ಆಟ ಕತ್ತಲಾಗಿದೆ ಎಂದು ಎಲ್ಲರೂ ಅದನ್ನು ಪೂರ್ತಿ ಏರಿಸುತ್ತಾರೆ. ಆಗ ನೆರಳೂ ಬೂದುಬಣ್ಣವಾಗಿ, ಎಲ್ಲಿ ಕತ್ತಲು ಎಲ್ಲಿ ಬೆಳಕು ಎಂಬ ಗೆರೆಯೇ ಅಳಿಸಿಹೋಗುತ್ತದೆ. ಸೆಟ್ಟಿಂಗ್‌ನಲ್ಲಿ ಹೇಳಿದಷ್ಟಕ್ಕೇ ಇಡಿ, ನೀವೇ ಸ್ವಲ್ಪ ಕತ್ತಲ ಕಡೆ ಕೂತು ಆಡಿ. ಜಗಲಿಯಲ್ಲಿ ಹಗಲು ಹೊತ್ತು ಆಡಿದರೆ ತೆರೆಯ ಮೇಲೆ ಕಾಣುವುದು ನಿಮ್ಮ ಮುಖ ಮತ್ತು ಹಿಂದಿನ ತೆಂಗಿನಮರ ಅಷ್ಟೇ.

ಮೂರನೆಯದು ಸೇವ್. ಕಂಪ್ಯೂಟರಿನಲ್ಲಿ ಎಫ್5 ಒತ್ತಿದರೆ ತಕ್ಷಣ ಸೇವ್, ಎಫ್9 ಒತ್ತಿದರೆ ವಾಪಸ್. ಇದು ಮೋಸ ಅನ್ನುವ ಮಡಿವಂತರಿದ್ದಾರೆ. ಮೊದಲ ಸಲ ಆಡುವವರು ಅವರ ಮಾತು ಕೇಳಬೇಕಿಲ್ಲ. ಆದರೆ ಒಂದು ಎಚ್ಚರ ಬೇಕು. ನಮ್ಮ ಹುಡುಗ ಗಾಬರಿಯಲ್ಲಿ, ಗಾರ್ಡ್ ಕತ್ತಿ ಹಿರಿದ ಮೇಲೆ ಎಫ್5 ಒತ್ತಿಬಿಟ್ಟ. ಆಮೇಲೆ ಎಷ್ಟು ಸಲ ಎಫ್9 ಒತ್ತಿದರೂ ಅದೇ ಕತ್ತಿ, ಅದೇ ಕುತ್ತಿಗೆ. ಅರ್ಧ ಗಂಟೆಗೊಂದು ಸಲ ಮೆನುಗೆ ಹೋಗಿ ಬೇರೆ ಸೇವ್ ಮಾಡಿಟ್ಟುಕೊಳ್ಳಿ. ಮಳೆಗಾಲದಲ್ಲಿ ಯಾವಾಗ ಕರೆಂಟ್ ಹೋಗುತ್ತದೋ, ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೋ ಹೇಳಲಾಗದು. ಹಾಗಾಗಿ ನಮ್ಮ ಕಡೆಯವರಿಗೆ ಈ ಮಾತು ಎರಡು ಪಟ್ಟು ಅನ್ವಯ.

ಮೊದಲು ಸುಮ್ನೆ ಕೂತು ನೋಡಿ

ಹೊಸ ಜಾಗಕ್ಕೆ ಬಂದ ಕೂಡಲೇ ಮುಂದೆ ಹೋಗಬೇಡಿ. ಎತ್ತರದ ಒಂದು ಜಾಗ ಹುಡುಕಿ ಕೂರಿ. ಮಹಡಿಯ ಚಾಚು, ದಪ್ಪ ಪೈಪು, ಬೀದಿದೀಪದ ತಲೆ, ಯಾವುದಾದರೂ ಆದೀತು. ಈ ಆಟದ ಗಾರ್ಡ್‌ಗಳು ತಲೆ ಎತ್ತಿ ನೋಡುವುದು ಕಡಿಮೆ. ನಮ್ಮ ತೋಟದಲ್ಲಿ ಮಂಗ ಮರದ ತುದಿಯಲ್ಲಿ ಕೂತು ನಾವು ಊಟಕ್ಕೆ ಹೋಗುವುದನ್ನೇ ಕಾಯುತ್ತದಲ್ಲ, ಅದೇ ಬುದ್ಧಿ ಇಲ್ಲಿ ಬೇಕು.

ನೋಡುವುದು ಅಂದರೆ ಏನನ್ನು? ಗಾರ್ಡ್ ಎಲ್ಲಿಂದ ಎಲ್ಲಿಗೆ ನಡೆಯುತ್ತಾನೆ, ಎಲ್ಲಿ ನಿಲ್ಲುತ್ತಾನೆ, ನಿಂತಾಗ ಯಾವ ಕಡೆ ಮುಖ ಮಾಡುತ್ತಾನೆ. ಅವನ ದಾರಿ ಗಾಣದೆತ್ತಿನ ದಾರಿ. ಏನೂ ಅನುಮಾನ ಬರದಿದ್ದರೆ ಅದೇ ಸುತ್ತು ಮತ್ತೆ ಮತ್ತೆ. ನಾವಿಬ್ಬರೂ ಒಬ್ಬನನ್ನು ಬಾಯಲ್ಲೇ ಎಣಿಸಿದೆವು. ಗೋಡೆಯ ತನಕ ಹನ್ನೊಂದು ಎಣಿಕೆ, ಅಲ್ಲಿ ಆರು ಎಣಿಕೆ ನಿಲ್ಲುತ್ತಾನೆ, ತಿರುಗುತ್ತಾನೆ, ಮತ್ತೆ ಹನ್ನೊಂದು. ಅವನು ಬೆನ್ನು ಹಾಕಿ ಹೊರಟ ಗಳಿಗೆಯಿಂದ ಲೆಕ್ಕ ಹಾಕಿದರೆ ನಮ್ಮ ಕೈಯಲ್ಲಿ ಹದಿನೇಳು ಎಣಿಕೆ ಇದೆ. ಬಾಗಿಲ ತನಕ ಕುಕ್ಕರಗಾಲಲ್ಲಿ ಹೋಗಲು ಹನ್ನೆರಡು ಸಾಕು. ಹುಡುಗ ಈ ಲೆಕ್ಕ ಕಂಡಮೇಲೆ ಮೊದಲ ಸಲ ನಕ್ಕ.

ಕನಿಷ್ಠ ಎರಡು ಸುತ್ತು ನೋಡಿ. ಒಂದೇ ಸುತ್ತು ನೋಡಿ ಹೊರಟರೆ ಎರಡನೇ ಗಾರ್ಡ್ ನಿಮ್ಮ ಲೆಕ್ಕದಲ್ಲೇ ಇರುವುದಿಲ್ಲ. ನಾವು ಸಿಕ್ಕಿಬೀಳುವುದು ಹೆಚ್ಚಾಗಿ ಆ ಎರಡನೆಯವನ ಕೈಗೇ.

ಇಬ್ಬರು ಗಾರ್ಡ್‌ಗಳು ಮಾತಾಡುತ್ತಿದ್ದರೆ ಕೇಳಿಸಿಕೊಳ್ಳಿ. ಅವರ ಮಾತು ಮುಗಿದ ಕೂಡಲೇ ಸಾಮಾನ್ಯವಾಗಿ ಒಬ್ಬ ಹೊರಡುತ್ತಾನೆ, ದಾರಿ ತೆರೆಯುತ್ತದೆ. ಆಗೊಮ್ಮೆ ಈಗೊಮ್ಮೆ ಬೀಗದ ಕೈ ಎಲ್ಲಿದೆ ಎಂಬ ಸುದ್ದಿಯೂ ಪುಕ್ಕಟೆಯಾಗಿ ಸಿಗುತ್ತದೆ.

ಅವನ ಕಣ್ಣು ಎಲ್ಲಿಯ ತನಕ

ಗಾರ್ಡ್‌ನ ನೋಟ ಟಾರ್ಚಿನ ಬೆಳಕಿನ ಹಾಗೆ. ಹತ್ತಿರ ಕಿರಿದು, ದೂರ ಹೋದಂತೆ ಅಗಲ. ಅದರೊಳಗೆ ಬಿದ್ದ ಕೂಡಲೇ ಸಿಕ್ಕಿಬೀಳುತ್ತೇವೆ ಅಂತಲ್ಲ. ಎಷ್ಟು ಹೊತ್ತು ಬಿದ್ದಿರಿ, ಎಷ್ಟು ಹತ್ತಿರ, ಎಷ್ಟು ಬೆಳಕಲ್ಲಿ ಎಂಬುದರ ಮೇಲೆ ಅವನ ಅನುಮಾನ ಏರುತ್ತದೆ. ‘ಡಿಸ್‌ಆನರ್ಡ್’ನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಗಾರ್ಡ್‌ನ ತಲೆಯ ಮೇಲೆ ಸಣ್ಣ ಮಿಂಚಿನಂಥ ಬಿಳಿ ಗುರುತುಗಳು ಒಂದೊಂದಾಗಿ ತುಂಬುತ್ತವೆ. ಕೆಂಪಾದರೆ ಆಟ ಕೆಟ್ಟಿತು. ಒಂದು ಗುರುತು ತುಂಬಿದಾಗಲೇ ಹಿಂದೆ ಸರಿದರೆ ಅವನು ಏನೋ ಗೊಣಗಿ ಸುಮ್ಮನಾಗುತ್ತಾನೆ.

ಇದೇ ಆಟದಲ್ಲಿ ‘ಡಾರ್ಕ್ ವಿಷನ್’ ಎಂಬ ಶಕ್ತಿ ಇದೆ. ಗೋಡೆಯಾಚೆ ಇರುವವರೂ ಕಾಣುತ್ತಾರೆ, ಅವರ ನೋಟ ಎಲ್ಲಿಯ ತನಕ ಚಾಚಿದೆ ಎಂಬುದೂ ಕಾಣುತ್ತದೆ. ಹೊಸಬರು, ಇಂಥ ಶಕ್ತಿಗಳನ್ನು ಕೊಳ್ಳಲು ಬೇಕಾದ ರೂನ್ ಎಂಬ ತಾಯತಗಳನ್ನು ಕೂಡಿಟ್ಟು ಕತ್ತಿವರಸೆಯ ಶಕ್ತಿಗಳಿಗೆ ಸುರಿಯುತ್ತಾರೆ. ಬೇಡ. ಮೊದಲು ಇದನ್ನೇ ತಗೊಳ್ಳಿ. ಬೆಕ್ಕಿನ ಮುಚ್ಚಿದ ಕಣ್ಣು ತೆರೆಸುವ ಔಷಧಿ ಇದೇ.

ಇನ್ನೊಂದು ವರ, ಬಾಗಿ ಇಣುಕುವುದು. ಕ್ಯೂ ಒತ್ತಿದರೆ ಎಡಕ್ಕೆ, ಇ ಒತ್ತಿದರೆ ಬಲಕ್ಕೆ. ಮೈ ಗೋಡೆಯ ಹಿಂದೆ ಇದ್ದರೆ, ಇಣುಕಿದ ತಲೆ ಗಾರ್ಡ್‌ಗೆ ಕಾಣುವುದಿಲ್ಲ. ನಿಜಜೀವನದಲ್ಲಿ ಇಂಥ ಅನುಕೂಲ ಎಲ್ಲಿದೆ? ಮೂಲೆ ತಿರುಗುವ ಮುಂಚೆ ಇಣುಕಿ. ಬಾಗಿಲಾದರೆ ಕೀಲಿಕಂಡಿಯಿಂದ ನೋಡಿ, ಅದಕ್ಕೂ ಆಟದಲ್ಲಿ ಅವಕಾಶ ಇದೆ.

ಬೆಳಕಿನ ವಿಷಯದಲ್ಲಿ ಆಟದಿಂದ ಆಟಕ್ಕೆ ಲೆಕ್ಕ ಬೇರೆ. ಈ ಬಗೆಯ ಆಟಗಳಿಗೆಲ್ಲ ಹಿರಿಯಣ್ಣ 1998ರಲ್ಲಿ ಲುಕಿಂಗ್ ಗ್ಲಾಸ್ ಸ್ಟುಡಿಯೋಸ್ ತಂದ ‘ಥೀಫ್: ದಿ ಡಾರ್ಕ್ ಪ್ರಾಜೆಕ್ಟ್’. ನಮ್ಮ ಮೈ ನಮಗೆ ಕಾಣುವುದಿಲ್ಲ ಎಂಬ ತೊಂದರೆಗೆ ಅವರು ಚಂದದ ಉಪಾಯ ಹುಡುಕಿದರು. ತೆರೆಯ ಕೆಳಗೆ ಒಂದು ಹರಳು ಇಟ್ಟರು. ನೀವು ಬೆಳಕಲ್ಲಿದ್ದರೆ ಹರಳು ಹೊಳೆಯುತ್ತದೆ, ಕತ್ತಲಲ್ಲಿದ್ದರೆ ಕಪ್ಪಾಗುತ್ತದೆ. ಅಲ್ಲಿ ಕತ್ತಲೇ ಸರ್ವಸ್ವ. ಹರಳು ಕಪ್ಪಗಿದ್ದರೆ ಗಾರ್ಡ್ ಮೂಗಿನ ಮುಂದೆಯೇ ಹಾದುಹೋದಾನು. ನೀರು ತುಂಬಿದ ಬಾಣ ಬಿಟ್ಟು ದೀವಟಿಗೆ ಆರಿಸಿ ನೀವೇ ಕತ್ತಲು ಮಾಡಿಕೊಳ್ಳಬಹುದು. ‘ಡಿಸ್‌ಆನರ್ಡ್’ನಲ್ಲಿ ಹಾಗಲ್ಲ. ಅಲ್ಲಿ ನೆರಳು ದೂರದವನಿಂದ ಕಾಪಾಡುತ್ತದೆ, ಹತ್ತಿರ ಬಂದವನಿಂದ ಅಲ್ಲ. ಅಡ್ಡ ಏನಾದರೂ ಇರಲೇಬೇಕು. ನಮ್ಮ ಹುಡುಗ ಕತ್ತಲನ್ನು ನಂಬಿ ಕೆಟ್ಟದ್ದು ಇದರಿಂದಲೇ.

ಕಾಲಿನ ಕೆಳಗೆ

ನಮ್ಮ ಅಜ್ಜಿ ಇದ್ದಾಗ ಜೋನಿಬೆಲ್ಲದ ಡಬ್ಬ ಅಟ್ಟದ ಮೇಲಿರುತ್ತಿತ್ತು. ಮಧ್ಯಾಹ್ನ ಅಜ್ಜಿ ಕೆಳಗೆ ಚಾಪೆ ಹಾಸಿ ಮಲಗುತ್ತಿದ್ದರು. ಅಡುಗೆಮನೆಯ ಸಗಣಿ ಸಾರಿಸಿದ ನೆಲದಲ್ಲಿ ಬರಿಗಾಲಲ್ಲಿ ಓಡಿದರೂ ಸದ್ದಿಲ್ಲ. ಅಟ್ಟದ ಮೆಟ್ಟಿಲು ಮಾತ್ರ ಹಳೇ ಹಲಸಿನ ಮರದ್ದು. ಮೂರನೇ ಮೆಟ್ಟಿಲಿನ ನಡುವೆ ಕಾಲಿಟ್ಟರೆ ಕಿರ್ ಅನ್ನುತ್ತಿತ್ತು, ಗೋಡೆಯ ಕಡೆ ಇಟ್ಟರೆ ಇಲ್ಲ. ಐದನೆಯದನ್ನು ದಾಟಿಯೇ ಹೋಗಬೇಕು. ಮೇಲೆ ಅಟ್ಟದ ಹಲಗೆ ಹೇಗೂ ಸದ್ದು ಮಾಡುತ್ತದೆ, ಅದಕ್ಕೆ ಮಳೆ ಜೋರಾಗುವ ತನಕ ಕಾಯುತ್ತಿದ್ದೆವು. ಮಳೆ ಜೋರಾದಾಗ ಎರಡು ಹೆಜ್ಜೆ, ಕಡಿಮೆಯಾದಾಗ ನಿಲ್ಲುವುದು.

‘ಥೀಫ್’ ಆಡಿದಾಗ ನನಗೆ ಆ ಮೆಟ್ಟಿಲೇ ನೆನಪಾಯಿತು. ಅಲ್ಲಿ ರತ್ನಗಂಬಳಿ, ಹುಲ್ಲಿನ ಮೇಲೆ ಹೆಜ್ಜೆ ಮೆತ್ತಗೆ. ಕಲ್ಲಿನ ಮೇಲೆ ಅದಕ್ಕಿಂತ ಜೋರು. ಟೈಲ್ಸ್ ಮತ್ತು ಕಬ್ಬಿಣದ ಜಾಲರಿಯ ಮೇಲೆ ಓಡಿದರೆ ಡಂಗುರ ಸಾರಿದ ಹಾಗೆ. ಬೇರೆ ದಾರಿ ಇಲ್ಲದಿದ್ದರೆ ಪಾಚಿ ತುಂಬಿದ ಬಾಣ ಬಿಟ್ಟು ನೆಲದ ಮೇಲೆ ಪಾಚಿ ಹಾಸಿಕೊಂಡು ನಡೆಯಬಹುದು. ಮಲೆನಾಡಿನಲ್ಲಿ ಪಾಚಿ ಕಂಡರೆ ಜಾರಿ ಬೀಳುವ ಭಯ, ಅಲ್ಲಿ ಅದೇ ದೇವರು.

ಎಲ್ಲ ಆಟಗಳಿಗೂ ಹೊಂದುವ ಮಾತು: ಕುಕ್ಕರಗಾಲಲ್ಲಿ ನಡೆದರೆ ಸದ್ದು ಕಡಿಮೆ, ಓಡಿದರೆ ಜಾಸ್ತಿ, ಎತ್ತರದಿಂದ ಧುಮುಕಿದರೆ ಇನ್ನೂ ಜಾಸ್ತಿ. ಧುಮುಕುವ ಬದಲು ಒಂದೊಂದೇ ಚಾಚು ಹಿಡಿದು ಇಳಿಯಿರಿ. ‘ಡಿಸ್‌ಆನರ್ಡ್’ನಲ್ಲಿ ‘ಬ್ಲಿಂಕ್’ ಇದೆ, ಒಂದೇ ಗಳಿಗೆಯಲ್ಲಿ ಇಲ್ಲಿಂದ ಅಲ್ಲಿಗೆ. ಎರಡು ಬ್ಲಿಂಕ್ ನಡುವೆ ಸ್ವಲ್ಪ ತಡೆದರೆ ಅದಕ್ಕೆ ಬೇಕಾದ ಶಕ್ತಿ ತಾನಾಗಿ ತುಂಬಿಕೊಳ್ಳುತ್ತದೆ. ಆತುರದಲ್ಲಿ ಸಾಲಾಗಿ ಮಾಡಿದರೆ ಆ ಶಕ್ತಿ ತುಂಬಲು ಕುಡಿಯುವ ನೀಲಿ ಔಷಧಿಯ ಸೀಸೆಗಳು ಖಾಲಿಯಾಗುತ್ತವೆ.

ಸದ್ದನ್ನು ನಮ್ಮ ಕೆಲಸಕ್ಕೂ ಹಚ್ಚಬಹುದು. ದಾರಿಯಲ್ಲಿ ಬಿದ್ದ ಬಾಟಲಿ ಎತ್ತಿ, ಹೋಗಬೇಕಾದ ಕಡೆಗೆ ಅಲ್ಲ, ಅದರ ಎದುರು ದಿಕ್ಕಿಗೆ ಎಸೆಯಿರಿ. ಹೊಸಬರು ಗಾರ್ಡ್‌ನ ಕಾಲ ಬುಡಕ್ಕೇ ಎಸೆದು ಅವನನ್ನು ತಮ್ಮ ಕಡೆಗೇ ಕರೆಸಿಕೊಳ್ಳುತ್ತಾರೆ. ಅವನು ಬೆನ್ನು ಹಾಕುವಷ್ಟು ದೂರ ಬೀಳಬೇಕು. ಎಸೆದ ಕೂಡಲೇ ಓಡಬೇಡಿ, ಅವನು ಅಲ್ಲಿಗೆ ತಲುಪಲಿ.

ಸಂಶಯ ಬಂದಾಗ, ಮತ್ತು ಬಂದ ಮೇಲೆ

ಗಾರ್ಡ್ ‘ಯಾರದು?’ ಅಂದಾಗ ನಮ್ಮ ಕೈ ತಾನಾಗಿ ಶಿಫ್ಟ್ ಬಟನ್‌ಗೆ ಹೋಗುತ್ತದೆ. ಓಡಬೇಡಿ. ಅವನು ಹುಡುಕಲು ಬರುವುದು ನಿಮ್ಮನ್ನು ಕೊನೆಗೆ ಕಂಡ ಅಥವಾ ಕೇಳಿದ ಜಾಗಕ್ಕೆ. ಅಲ್ಲಿಂದ ಮೆಲ್ಲಗೆ ಪಕ್ಕಕ್ಕೆ ಸರಿದು, ನಡುವೆ ಒಂದು ಗೋಡೆ ಬರುವ ಹಾಗೆ ಮಾಡಿಕೊಂಡರೆ ಸಾಕು. ಸ್ವಲ್ಪ ಹೊತ್ತಿಗೆ ಬೇಸರ ಬಂದು ವಾಪಸ್ ಹೋಗುತ್ತಾನೆ.

ಒಬ್ಬನ ಕುತ್ತಿಗೆ ಹಿಸುಕಿ ಪ್ರಜ್ಞೆ ತಪ್ಪಿಸಿದ್ದೀರಿ ಅಂದುಕೊಳ್ಳಿ. ಅವನ ಮೈ ಅಲ್ಲೇ ಬಿಟ್ಟು ಹೋದರೆ ಇನ್ನೊಬ್ಬ ನೋಡಿ ಗಲಾಟೆ ಮಾಡುತ್ತಾನೆ. ಹೊತ್ತು ಒಯ್ದು ಕಸದ ತೊಟ್ಟಿಗೋ ಎತ್ತರದ ಚಾಚಿಗೋ ಹಾಕಿ. ನೀರಲ್ಲಿ ಹಾಕಿದರೆ ಮುಳುಗಿ ಸಾಯುತ್ತಾನೆ, ಇಲಿಗಳ ಹಿಂಡು ಇರುವ ಕಡೆ ಹಾಕಿದರೆ ಅವು ತಿಂದು ಮುಗಿಸುತ್ತವೆ, ಎರಡೂ ಕೊಲೆ ನಿಮ್ಮ ಲೆಕ್ಕಕ್ಕೇ. ಪ್ಲೇಗ್ ಬಂದ ಊರಿನ ಕತೆ ಇದು. ಹೆಣ ಹೆಚ್ಚಾದಷ್ಟೂ ಇಲಿ ಹೆಚ್ಚು, ಮುಂದಿನ ಹಂತಗಳಲ್ಲಿ ಗಾರ್ಡ್ ಹೆಚ್ಚು. ನನ್ನನ್ನು ಕೇಳಿದರೆ ಯಾರನ್ನೂ ಮುಟ್ಟದೆ ದಾಟುವುದೇ ಸುಲಭ. ಹೊರಬೇಕಾದ ಮೈಯೇ ಇರುವುದಿಲ್ಲ.

ಹೀಗೆ ಮುಟ್ಟದೆ ಮಾಡುವ ಕೆಲಸಗಳಿಗೂ ಆಟದಲ್ಲಿ ಜಾಗವಿದೆ. ಕ್ಯಾಂಪ್‌ಬೆಲ್ ಎಂಬ ಧರ್ಮಾಧಿಕಾರಿ ಇನ್ನೊಬ್ಬನಿಗೆ ವಿಷದ ದ್ರಾಕ್ಷಾರಸ ಕೊಡಲು ಹೊರಟಿರುತ್ತಾನೆ. ಅವರು ಕೋಣೆಗೆ ಬರುವ ಮುಂಚೆ ನೀವು ಒಳಗೆ ಸೇರಿ ಲೋಟ ಅದಲುಬದಲು ಮಾಡಬಹುದು, ಇಲ್ಲವೇ ಎರಡನ್ನೂ ಚೆಲ್ಲಬಹುದು. ಬೀದಿಗೆ ಅಡ್ಡ ಹಾಕಿದ ವಿದ್ಯುತ್ ಬೇಲಿ ಎದುರಾದರೆ ಅದಕ್ಕೆ ಶಕ್ತಿ ಕೊಡುವ ತಿಮಿಂಗಿಲದ ಎಣ್ಣೆಯ ಟ್ಯಾಂಕ್ ಹುಡುಕಿ ಕಿತ್ತರೆ ಸಾಕು, ಕರೆಂಟ್ ಹೋಯಿತು. ಕರೆಂಟ್ ಹೋದಾಗ ಖುಷಿಯಾಗುವುದು ಮಲೆನಾಡಿಗರಿಗೆ ಈ ಆಟದಲ್ಲಿ ಮಾತ್ರ.

ಇದೆಲ್ಲ ಕೈಗೆ ಹತ್ತಿದ ಮೇಲೆ 2014ರ ‘ಏಲಿಯನ್: ಐಸೊಲೇಶನ್’ ಆಡಿ ನೋಡಿ. ಅಲ್ಲಿ ಬೆನ್ನಟ್ಟುವ ಪ್ರಾಣಿಗೆ ಗಾಣದೆತ್ತಿನ ದಾರಿ ಇಲ್ಲ, ಎಣಿಕೆ ಹಾಕಿದರೆ ಪ್ರಯೋಜನವೂ ಇಲ್ಲ. ಎಫ್5 ಕೂಡ ಇಲ್ಲ. ಗೋಡೆಗೆ ಹಾಕಿದ ಯಂತ್ರದ ಮುಂದೆ ನಿಂತು, ಕಾರ್ಡ್ ತೂರಿಸಿ, ಅದು ಮುಗಿಯುವ ತನಕ ಜೀವ ಕೈಯಲ್ಲಿ ಹಿಡಿದು ಸೇವ್ ಮಾಡಬೇಕು. ಪ್ರಾಣಿ ಎಲ್ಲಿದೆ ಎಂದು ತೋರಿಸುವ ಯಂತ್ರದ ಬೀಪ್ ಸದ್ದೇ ಹತ್ತಿರದಲ್ಲಿರುವ ಪ್ರಾಣಿಯನ್ನು ಕರೆಯುತ್ತದೆ. ರಾತ್ರಿ ಒಬ್ಬರೇ ಇದ್ದಾಗ ಆಡಬೇಡಿ ಎಂದು ಹೇಳುವುದಿಲ್ಲ. ನಾನು ಆಡುವುದಿಲ್ಲ ಅಷ್ಟೇ.

ಮೂರನೇ ದಿನ ರಾತ್ರಿ ಹುಡುಗ ಆ ಕ್ಯಾಂಪ್‌ಬೆಲ್ ಹಂತವನ್ನು ಯಾರ ಕಣ್ಣಿಗೂ ಬೀಳದೆ ಮುಗಿಸಿದೆ ಎಂದು ನನ್ನನ್ನು ಎಬ್ಬಿಸಿದ. ಹಂತ ಮುಗಿದಾಗ ಒಂದು ಪಟ್ಟಿ ಬರುತ್ತದೆ. ಕೊಂದವರೆಷ್ಟು, ಗಾರ್ಡ್‌ಗಳು ಅಪಾಯದ ಗಂಟೆ ಹೊಡೆದದ್ದೆಷ್ಟು, ಅವರ ಕಣ್ಣಿಗೆ ಬಿದ್ದ ದೇಹಗಳೆಷ್ಟು ಎಂದು ಎಲ್ಲ. ಮೇಲಿನಿಂದ ಓದಿದೆವು. ಸೊನ್ನೆ. ಸೊನ್ನೆ. ದೇಹದ ಸಾಲಿನಲ್ಲಿ ಒಂದು.

‘ಯಾರದು ಮಾರಾಯ?’ ಅಂದೆ.

ಅವನಿಗೂ ಗೊತ್ತಿರಲಿಲ್ಲ. ಮೆಟ್ಟಿಲ ಕೆಳಗೆ ಬಿಟ್ಟವನಿರಬೇಕು ಅಂದ. ನಾನು ವಾಪಸ್ ಹೋಗಿ ಮಲಗಿದೆ. ಹಂಚಿನ ಮೇಲೆ ಮಳೆ ಜೋರಾದಾಗ ಅವನು ಹಂತವನ್ನು ಮೊದಲಿನಿಂದ ಶುರು ಮಾಡಿದ್ದು ಗೋಡೆಯಾಚೆಯಿಂದ ಕೇಳಿಸಿತು. ಹೆಡ್‌ಫೋನ್ ಹಾಕಿಕೊಳ್ಳಲು ಮರೆತಿದ್ದ.