ಜೆಪರ್ಡಿಯ ಹಳೇ ಎಪಿಸೋಡ್ ಹುಡುಕಿಕೊಂಡು ಹೋದದ್ದು

ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಸಂಜೆ 7 ಆಯಿತೆಂದರೆ ಚಾನೆಲ್ 7 ಹಾಕಲೇಬೇಕು. ಜೆಪರ್ಡಿ ಎಂಬ ಕ್ವಿಜ್ ಶೋ ಬರುವ ಹೊತ್ತು. ಕುಕ್ಕರ್ ಕೂಗುತ್ತಿದ್ದರೂ ಸರಿ, ಅರ್ಧ ಗಂಟೆ ಯಾರೂ ಫೋನ್ ಎತ್ತುವುದಿಲ್ಲ. ಕ್ವಿಜ್ ಹುಚ್ಚು ನನಗೆ ಮೈಸೂರಿನಿಂದಲೇ ಬಂದದ್ದು. ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ 2002ರಲ್ಲಿ ಶುರುವಾದಾಗ ಅಮ್ಮ ಮತ್ತು ನಾನು ಎದುರುಬದುರು ಕೂತು ಪೈಪೋಟಿಗೆ ಬೀಳುತ್ತಿದ್ದೆವು. ಅಲ್ಲಿ ಗೆದ್ದವರಿಗೆ ಪುಸ್ತಕ ಕೊಡುತ್ತಾರೆ. ಟೀವಿಯಲ್ಲಿ ನಾನು ಕಂಡ ಬಹುಮಾನಗಳಲ್ಲಿ ನನಗೆ ಇವತ್ತಿಗೂ ಅದೇ ಇಷ್ಟ.

ಇಲ್ಲಿಗೆ ಬಂದಮೇಲೆ ಜೆಪರ್ಡಿ ಹಿಡಿಸಿತು. ಆಟ ಗೊತ್ತಿಲ್ಲದವರಿಗೆ ಒಂದು ಮಾತು: ಇಲ್ಲಿ ನಿರೂಪಕರು ಉತ್ತರ ಕೊಡುತ್ತಾರೆ, ಆಡುವವರು ಅದಕ್ಕೆ ತಕ್ಕ ಪ್ರಶ್ನೆ ಹೇಳಬೇಕು. ‘5,280’ ಅಂದರೆ ‘ಒಂದು ಮೈಲಿಗೆ ಎಷ್ಟು ಅಡಿ?’ ಅನ್ನಬೇಕು. ಇದು ನಾನು ಮಾಡಿದ ಉದಾಹರಣೆ ಅಲ್ಲ. ಈ ಆಟ ಹುಟ್ಟಿದ್ದೇ ಈ ಸಾಲಿನಿಂದ. ಇದರ ನಿರ್ಮಾಪಕ ಮರ್ವ್ ಗ್ರಿಫಿನ್ ಮತ್ತು ಅವರ ಹೆಂಡತಿ ಜೂಲಾನ್ ವಿಮಾನದಲ್ಲಿ ನ್ಯೂಯಾರ್ಕಿಗೆ ಬರುತ್ತಿದ್ದರು. ಹೊಸ ಕ್ವಿಜ್ ಮಾಡೋಣ ಅಂದರೆ ಯಾವ ಚಾನೆಲ್ಲೂ ಒಪ್ಪುವುದಿಲ್ಲ ಎಂದು ಮರ್ವ್ ಬೇಸರದಲ್ಲಿದ್ದರು. ಐವತ್ತರ ದಶಕದಲ್ಲಿ ‘ಟ್ವೆಂಟಿ ಒನ್’ ಥರದ ಶೋಗಳಲ್ಲಿ ಸ್ಪರ್ಧಿಗಳಿಗೆ ಮೊದಲೇ ಉತ್ತರ ಹೇಳಿಕೊಟ್ಟ ಮೋಸ ಬಯಲಾಗಿತ್ತು. ಅಮೆರಿಕದ ಸಂಸತ್ತಿನಲ್ಲೇ ವಿಚಾರಣೆ ನಡೆದಿತ್ತು. ಆಗ ಜೂಲಾನ್, ‘ಹಾಗಾದರೆ ಉತ್ತರವನ್ನು ನಾವೇ ಕೊಟ್ಟುಬಿಡೋಣ, ಅವರು ಪ್ರಶ್ನೆ ಹೇಳಲಿ’ ಅಂದರಂತೆ. ಹಾಗೆ ಹೇಳಿ, ಉದಾಹರಣೆಗೆ ಈ 5,280 ಕೊಟ್ಟರು.

ಹೀಗೆ ಹುಟ್ಟಿದ ಜೆಪರ್ಡಿ ಎನ್‌ಬಿಸಿ ಎಂಬ ಟೀವಿ ಚಾನೆಲ್‌ನಲ್ಲಿ 1964ರ ಮಾರ್ಚ್ 30ರಂದು ಶುರುವಾಗಿ 1975ರ ಜನವರಿ 3ರವರೆಗೆ ನಡೆಯಿತು. ಹಗಲು ಹೊತ್ತಿನ ಶೋ. ನಿರೂಪಕ ಆರ್ಟ್ ಫ್ಲೆಮಿಂಗ್. ಒಟ್ಟು 2,753 ಎಪಿಸೋಡ್. ಇವುಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು.

ಇದನ್ನು ಮೊದಲು ಓದಿದಾಗ ನನಗೆ ನಂಬಲು ಆಗಲಿಲ್ಲ. ಎಲ್ಲಿಗೆ ಹೋದವು? ಬೆಂಕಿ ಬಿತ್ತಾ, ಕಳುವಾಯಿತಾ? ಎರಡೂ ಅಲ್ಲ. ಅಳಿಸಿದರು. ಆಗಿನ ವಿಡಿಯೋ ಟೇಪ್ ಎರಡು ಇಂಚು ಅಗಲ. ಯಂತ್ರದಲ್ಲಿ ಸೆಕೆಂಡಿಗೆ 15 ಇಂಚು ಓಡುತ್ತಿತ್ತು. ಲೆಕ್ಕ ಹಾಕಿ ನೋಡಿ, ಒಂದು ಗಂಟೆಗೆ ಸುಮಾರು 1,370 ಮೀಟರ್ ಟೇಪ್ ಬೇಕು. ದುಬಾರಿ ಸಾಮಾನು, ಇಡಲು ಜಾಗವೂ ಜಾಸ್ತಿ ಬೇಕು. ಹಗಲಿನ ಗೇಮ್ ಶೋವನ್ನು ಎರಡನೇ ಸಲ ಯಾರು ನೋಡುತ್ತಾರೆ ಎಂದುಕೊಂಡು ಅದೇ ಟೇಪಿನ ಮೇಲೆ ಬೇರೆ ಶೋ ತುಂಬಿಕೊಂಡರು. ಅಮ್ಮ ಹಳೇ ಕ್ಯಾಸೆಟ್ ಮೇಲೆ ಹೊಸ ಭಾವಗೀತೆ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ ಹಾಗೆಯೇ. ಆ ಕಾಲದ ಜೆಪರ್ಡಿ ಉಳಿದಿದ್ದರೆ ಹೆಚ್ಚಾಗಿ ಕಿನೆಸ್ಕೋಪ್ ರೂಪದಲ್ಲಿ. ಅಂದರೆ ಟೀವಿ ಪರದೆಯ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ತೆಗೆದ ಪ್ರತಿ. ಶೋ ಕಲರ್‌ನಲ್ಲಿ ಬಂದಿದ್ದರೂ ಈ ಪ್ರತಿಗಳು ಹೆಚ್ಚಿನವು ಕಪ್ಪು ಬಿಳುಪು.

ಉಳಿದವುಗಳಲ್ಲಿ ಎರಡು ನಮ್ಮ ಮನೆಯಿಂದ ಒಂದು ರೈಲಿನ ದೂರದಲ್ಲಿವೆ ಎಂದು ಗೊತ್ತಾಯಿತು. ನ್ಯೂಯಾರ್ಕಿನ ಪೇಲಿ ಸೆಂಟರ್ ಎಂಬ ಟೀವಿ ಮ್ಯೂಸಿಯಂನಲ್ಲಿ. ಒಂದು, ಶೋ ಶುರುವಾಗುವ ಮೊದಲು 1964ರಲ್ಲಿ ಪರೀಕ್ಷೆಗೆಂದು ಮಾಡಿದ ಎಪಿಸೋಡ್. ಇನ್ನೊಂದು 1972ರ ಫೆಬ್ರವರಿ 21ರ 2,000ನೇ ಎಪಿಸೋಡ್. ಇಷ್ಟು ಗೊತ್ತಾದ ಮೇಲೆ ಹೋಗದೆ ಇರುವುದು ಹೇಗೆ?

ಮೊದಲ ಸಲ ಹೋದಾಗ ಸರಿಯಾಗಿ ನೋಡಲು ಆಗಲಿಲ್ಲ. ಅದಕ್ಕೆ ಕಾರಣ ನಾನೇ. ಏನೂ ತಯಾರಿ ಮಾಡಿಕೊಳ್ಳದೆ ಶನಿವಾರ ಮಧ್ಯಾಹ್ನ ಹೊರಟೆ. ಪೆನ್ ಸ್ಟೇಷನ್‌ನಲ್ಲಿ ಇಳಿದು ‘ಇ’ ರೈಲು ಹಿಡಿದು ಐದನೇ ಅವೆನ್ಯೂ ಸ್ಟೇಷನ್‌ಗೆ ಬಂದೆ. ಪೇಲಿ ಇರುವುದು ವೆಸ್ಟ್ 52ನೇ ಸ್ಟ್ರೀಟಿನಲ್ಲಿ. ಸಿಬಿಎಸ್ ಎಂಬ ಟೀವಿ ಕಂಪನಿ ಬೆಳೆಸಿದ ವಿಲಿಯಂ ಪೇಲಿ 1975ರಲ್ಲಿ ಇದನ್ನು ಮ್ಯೂಸಿಯಂ ಆಫ್ ಬ್ರಾಡ್‌ಕಾಸ್ಟಿಂಗ್ ಎಂಬ ಹೆಸರಿನಲ್ಲಿ ಶುರು ಮಾಡಿದರು. ಈಗಿನ ಕಟ್ಟಡಕ್ಕೆ ಬಂದದ್ದು 1991ರಲ್ಲಿ. ಟೀವಿ, ರೇಡಿಯೋ, ಜಾಹೀರಾತು ಎಲ್ಲ ಸೇರಿ ಒಂದೂವರೆ ಲಕ್ಷಕ್ಕೂ ಮೀರಿದ ಸಂಗ್ರಹ ಇದೆ. ಇದು ಬರೀ ಕಣ್ಣು ಹಾಯಿಸಿ ಬರುವ ಮ್ಯೂಸಿಯಂ ಅಲ್ಲ. ಟಿಕೆಟ್ ಕೊಂಡು, ಕಂಪ್ಯೂಟರಿನ ಪಟ್ಟಿಯಲ್ಲಿ ಹುಡುಕಿ, ಬೇಕಾದ್ದನ್ನು ಆರಿಸಿಕೊಂಡು, ಹೆಡ್‌ಫೋನ್ ಹಾಕಿಕೊಂಡು ಕೂತು ನೋಡಬಹುದು.

ನಾನು ಪಟ್ಟಿಯಲ್ಲಿ ‘ಜೆಪರ್ಡಿ’ ಎಂದು ಹುಡುಕಿದೆ. ಮನೆಯಲ್ಲಿ ದಿನಾ ನೋಡುವ ಹೊಸ ಕಾಲದ್ದೇ ಮೊದಲು ಬಂತು. ಅದರಲ್ಲೇ ತಡಕಾಡಿದೆ. ಆಮೇಲೆ ಐವತ್ತರ ದಶಕದ ಬೇರೆ ಒಂದು ಶೋ ಕಣ್ಣಿಗೆ ಬಿತ್ತು. ಖುಷಿಯಾಗಿ ಅದನ್ನೇ ಹಾಕಿಸಿಕೊಂಡು ಮುಕ್ಕಾಲು ಗಂಟೆ ಕೂತೆ. ಮನೆಗೆ ಬಂದು ನೋಡಿದರೆ ಅದೇ ಎಪಿಸೋಡ್ ಇಂಟರ್ನೆಟ್‌ನಲ್ಲಿ ಪೂರ್ತಿ ಇದೆ. ಬಹಳ ಬೇಜಾರಾಯಿತು. ಹುಡುಕಾಟವೂ ಸೇರಿ ಎರಡು ಗಂಟೆ ಹಾಗೆ ಕಳೆದಿತ್ತು.

ಎರಡನೇ ಸಲಕ್ಕೆ ಮೂರು ವಾರ ತಯಾರಿ ಮಾಡಿದೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಬೇರೆಯವರಿಗೂ ಉಪಯೋಗಕ್ಕೆ ಬರುತ್ತದೆ. ಶೋ ಹೆಸರಿನಿಂದ ಹುಡುಕಬೇಡಿ. ನಿರೂಪಕರ ಹೆಸರಿನಿಂದ ಹುಡುಕಿ. ‘ಆರ್ಟ್ ಫ್ಲೆಮಿಂಗ್’ ಎಂದು ಹಾಕಿದ ಕೂಡಲೇ ಹೊಸ ಕಾಲದ್ದೆಲ್ಲ ಪಕ್ಕಕ್ಕೆ ಸರಿಯಿತು. ನಿರ್ಮಾಪಕರ ಹೆಸರು, ಪ್ರಸಾರವಾದ ತಾರೀಕು, ಚಾನೆಲ್ ಇವನ್ನೂ ಬರೆದುಕೊಂಡು ಹೋಗಿ. ಹೋಗುವ ಮೊದಲೇ ಇಂಟರ್ನೆಟ್‌ನಲ್ಲಿ ಯಾವುದು ಸಿಗುತ್ತದೆ ಎಂದು ನೋಡಿ, ಸಿಗುವುದನ್ನು ಪಟ್ಟಿಯಿಂದ ಹೊಡೆದುಹಾಕಿ. ‘ವಾಟ್ಸ್ ಮೈ ಲೈನ್’ ಬೇಕಿದ್ದರೆ ಮ್ಯೂಸಿಯಂಗೆ ಹೋಗುವ ಅಗತ್ಯ ಅಷ್ಟಿಲ್ಲ. 1950ರಿಂದ 1967ರವರೆಗೆ ನಡೆದ ಆ ಶೋದ ಬಹುಪಾಲು ಎಪಿಸೋಡ್‌ಗಳು ಕಿನೆಸ್ಕೋಪ್‌ನಲ್ಲಿ ಉಳಿದಿವೆ, ಮನೆಯಲ್ಲೇ ಬೇಕಾದಷ್ಟು ನೋಡಬಹುದು. ಮ್ಯೂಸಿಯಂನ ಸಮಯ ಬೇರೆಲ್ಲೂ ಸಿಗದಿದ್ದಕ್ಕೆ ಮಾತ್ರ. ತೆರೆದಿರುವ ದಿನ, ಹೊತ್ತು ಬದಲಾಗುತ್ತಿರುತ್ತವೆ, ಒಂದು ಫೋನ್ ಮಾಡಿಯೇ ಹೊರಡಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವ ಆಸೆ ಬೇಡ. ನೋಟ್‌ಬುಕ್, ಪೆನ್ಸಿಲ್ ಇದ್ದರೆ ಸಾಕು.

ಅಂತೂ ಒಂದು ಚಳಿಗಾಲದ ಗುರುವಾರ ರಜೆ ಹಾಕಿ ಹೋದೆ. ಹೆಚ್ಚು ಜನ ಇರಲಿಲ್ಲ. ಹೆಡ್‌ಫೋನ್ ಹಾಕಿಕೊಂಡೆ. ಶೋದ ಘೋಷಕ ಡಾನ್ ಪಾರ್ಡೊ ಅವರ ದನಿ ಬಂತು. ನಂತರ ಆರ್ಟ್ ಫ್ಲೆಮಿಂಗ್. ಎತ್ತರದ ಆಳು, ನೆಟ್ಟಗೆ ನಿಲ್ಲುವ ನಿಲುವು. ಅವರು ಮೂಲತಃ ನಟ. ವಿಮಾನ ಕಂಪನಿಯೊಂದರ ಜಾಹೀರಾತಿನಲ್ಲಿ ನೋಡಿ ಗ್ರಿಫಿನ್ ಅವರನ್ನು ಕರೆಸಿದ್ದರಂತೆ. ಇವರ ಫೋಟೋ ಎಷ್ಟೋ ಸಲ ನೋಡಿದ್ದೆ. ಆದರೆ ಒಂದು ಕ್ಲೂ, ಅಂದರೆ ನಿರೂಪಕರು ಕೊಡುವ ಆ ಉತ್ತರ, ಓದಿ ಕಾಯುವಾಗ ಮುಖ ಹೇಗಿರುತ್ತದೆ ಎನ್ನುವುದು ಫೋಟೋದಲ್ಲಿ ಬರುವುದಿಲ್ಲ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಕ್ಲೂಗಳನ್ನು ತೋರಿಸುವ ಬೋರ್ಡ್ ನೋಡಿ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಈಗಿನ ಹಾಗೆ ಟೀವಿ ಪರದೆಗಳ ಸಾಲು ಅಲ್ಲ. ರಟ್ಟಿನ ಕಾರ್ಡುಗಳು! ಮೊತ್ತ ಬರೆದ ಕಾರ್ಡನ್ನು ಬೋರ್ಡಿನ ಹಿಂದೆ ನಿಂತವರು ಎಳೆದರೆ ಕ್ಲೂ ಕಾಣುತ್ತದೆ. ಪ್ರತಿ ಕ್ಲೂಗೂ ಯಾರೋ ಒಬ್ಬರ ಕೈ ಕೆಲಸ.  ನಮ್ಮೂರ ನಾಟಕದಲ್ಲಿ ಪರದೆ ಎಳೆಯುವವನ ನೆನಪಾಯಿತು. ಮೊತ್ತವೂ ಸಣ್ಣದು. ಮೊದಲ ಸುತ್ತಿನಲ್ಲಿ 10ರಿಂದ 50 ಡಾಲರ್, ಎರಡನೆಯದರಲ್ಲಿ 20ರಿಂದ 100. ಈಗ ಮೊದಲ ಸುತ್ತೇ 200ರಿಂದ 1,000.

ಆದರೆ ನಾನು ಎಪಿಸೋಡ್ ಪೂರ್ತಿ ನೋಡಿದ್ದಕ್ಕೆ ಮಾತ್ರ ತಿಳಿದದ್ದು ಎರಡು ವಿಷಯ. ತುಣುಕುಗಳಲ್ಲಿ ಇವು ಹೊಳೆಯುತ್ತಿರಲಿಲ್ಲ.

ಮೊದಲನೆಯದು ಬಜರ್. ಆಗ ಕ್ಲೂ ಓದಿ ಮುಗಿಯುವವರೆಗೆ ಕಾಯಬೇಕಾಗಿರಲಿಲ್ಲ. ಕಾರ್ಡ್ ಸರಿದ ಕೂಡಲೇ ಒತ್ತಬಹುದಿತ್ತು. ಫ್ಲೆಮಿಂಗ್ ಓದುತ್ತಿರುವಾಗಲೇ ಬಜರ್. ಸ್ಪರ್ಧಿ ಕಣ್ಣಲ್ಲೇ ಓದಿ ಮುಗಿಸಿರುತ್ತಾನೆ. ಮನೆಯಲ್ಲಿ ಕೂತವರಿಗೆ ಇದು ಕಷ್ಟ. ನಾನು ಕ್ಲೂ ಅರ್ಥ ಮಾಡಿಕೊಳ್ಳುವ ಮೊದಲೇ ಮುಂದಿನದಕ್ಕೆ ಹೋಗಿಬಿಡುತ್ತಿದ್ದರು. 1984ರಲ್ಲಿ ಹೊಸ ನಿರೂಪಕ ಅಲೆಕ್ಸ್ ಟ್ರೆಬೆಕ್ ಜೊತೆ ಶೋ ಮತ್ತೆ ಬಂದಾಗಲೂ ಮೊದಲ ವರ್ಷ ಹೀಗೇ ಇತ್ತು. 1985ರಿಂದ ಓದಿ ಮುಗಿಯುವವರೆಗೆ ಕಾಯುವ ನಿಯಮ ತಂದರು. ಏಕೆ ತಂದರು ಎಂದು ಪುಸ್ತಕದಲ್ಲಿ ಓದುವುದು ಬೇರೆ. ಕ್ಲೂ ಮೇಲೆ ಕ್ಲೂ ಕೈತಪ್ಪಿ ಹೋಗುವಾಗ ಕುರ್ಚಿಯ ತುದಿಯಲ್ಲಿ ಕೂತು ಅದನ್ನು ಅನುಭವಿಸುವುದು ಬೇರೆ, ಅಲ್ವಾ?

ಎರಡನೆಯದು ದುಡ್ಡು. ಈಗ ಗೆದ್ದವರಿಗೆ ಮಾತ್ರ ಗಳಿಸಿದ ಮೊತ್ತ ಪೂರ್ತಿ ಸಿಗುತ್ತದೆ. ಫ್ಲೆಮಿಂಗ್ ಕಾಲದಲ್ಲಿ ಮೂವರು ಸ್ಪರ್ಧಿಗಳೂ ತಾವು ಗಳಿಸಿದ್ದನ್ನು ಮನೆಗೆ ಒಯ್ಯುತ್ತಿದ್ದರು. ಇದರಿಂದ ಆಟದ ರುಚಿಯೇ ಬದಲಾಗುತ್ತದೆ. ಕೈಯಲ್ಲಿ ಒಳ್ಳೆಯ ಮೊತ್ತ ಇದ್ದರೆ ಕೊನೆಯ ಸುತ್ತಿನಲ್ಲಿ ಅದನ್ನೆಲ್ಲ ಏಕೆ ಪಣಕ್ಕಿಡಬೇಕು? ಹಿಂದೆ ಬಿದ್ದವರಿಗೂ ಪೂರ್ತಿ ನಿರಾಸೆ ಇಲ್ಲ. ಪೈಪೋಟಿ ಹೆಚ್ಚಲಿ ಎಂದು ಗ್ರಿಫಿನ್ ಆಮೇಲೆ ಇದನ್ನು ಬದಲಾಯಿಸಿದರು. ಬದಲಾವಣೆಯಿಂದ ಆಟ ಬಿಗಿಯಾಯಿತು, ಅದು ನಿಜ. ನನಗೆ ಮಾತ್ರ ಹಳೆಯ ನಿಯಮವೇ ಮೇಲು ಅನ್ನಿಸಿತು. ಮೂವರೂ ಮಾತಾಡಿಕೊಂಡು ಆಡುವ ಒಂದು ಹಗುರ ಅದರಲ್ಲಿತ್ತು.

2,000ನೇ ಎಪಿಸೋಡ್ ಹಬ್ಬದ ಥರ. ಮೆಲ್ ಬ್ರೂಕ್ಸ್ ಎಂಬ ಹಾಸ್ಯನಟರಿಗೆ ‘2,000 ವರ್ಷದ ಮುದುಕ’ ಎಂಬ ಒಂದು ವೇಷ ಇತ್ತು, ಅದರಿಂದ ಬಹಳ ಹೆಸರು ಮಾಡಿದ್ದರು. 2,000ನೇ ದಿನಕ್ಕೆ ಅದೇ ಮುದುಕನಾಗಿ ಅವರು ಬಂದಿದ್ದಾರೆ. ನಾನು ಹೆಡ್‌ಫೋನ್ ಹಾಕಿದ್ದೇನೆ ಎನ್ನುವುದನ್ನೇ ಮರೆತು ಜೋರಾಗಿ ನಕ್ಕೆ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ನನ್ನ ಪರದೆ ಕಡೆ ಬಗ್ಗಿ ನೋಡಿದರು. ‘ಓ, ಆರ್ಟ್!’ ಅಂದರು. ಚಿಕ್ಕವರಿದ್ದಾಗ ಕಾಯಿಲೆ ಎಂದು ಶಾಲೆ ತಪ್ಪಿಸಿದ ದಿನ ಅಜ್ಜಿ ಜೊತೆ ಕೂತು ಇದನ್ನೇ ನೋಡುತ್ತಿದ್ದರಂತೆ. ನಾನು ಒಂದು ಕಡೆಯ ಹೆಡ್‌ಫೋನ್ ಅವರ ಕಿವಿಗೆ ಕೊಟ್ಟೆ. ಕೊನೆಯ ಐದು ನಿಮಿಷ ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದೆವು.

ಹೊರಗೆ ಬಂದು ನೇರ ಸ್ಟೇಷನ್‌ಗೆ ಹೋಗಲಿಲ್ಲ. ದಕ್ಷಿಣಕ್ಕೆ ಎರಡು ಮೂರು ಬೀದಿ ನಡೆದರೆ 30 ರಾಕೆಫೆಲ್ಲರ್ ಪ್ಲಾಜಾ. ಆ ಜೆಪರ್ಡಿ ತಯಾರಾಗುತ್ತಿದ್ದದ್ದು ಅದೇ ಎನ್‌ಬಿಸಿ ಕಟ್ಟಡದಲ್ಲಿ. ಕೆಳಗೆ ನಿಂತು ಕತ್ತೆತ್ತಿ ನೋಡಿದೆ. ಇಲ್ಲಿ ತಯಾರಾದ ಎರಡು ಸಾವಿರಕ್ಕೂ ಹೆಚ್ಚು ಎಪಿಸೋಡ್‌ಗಳಲ್ಲಿ ಆ ದಿನ ನನ್ನ ಕಣ್ಣಿಗೆ ಸಿಕ್ಕಿದ್ದು ಎರಡು.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ‘ಅಲ್ಲ ಕಣೋ, ರಜೆ ಹಾಕಿ, ಟಿಕೆಟ್ ಕೊಟ್ಟು ಟೀವಿ ನೋಡಿದ್ಯಾ?’ ಅಂದಳು. ಎಲ್ಲ ವಿವರಿಸಿದೆ. ಸ್ವಲ್ಪ ಸುಮ್ಮನಿದ್ದು, ‘ನಮ್ಮ ಸೋಮೇಶ್ವರ ಅವರದ್ದೆಲ್ಲ ಎತ್ತಿಟ್ಟಿದ್ದಾರೇನೋ? ಅದು ಎಷ್ಟೊಂದು ಸಾವಿರ ಆಗಿದೆಯಲ್ಲ’ ಅಂದಳು. ಇಟ್ಟಿರಲಿ ಎಂದು ನಾನೂ ಮನಸಾರೆ ಬೇಡಿಕೊಂಡೆ.

ಇಷ್ಟಕ್ಕೆ ತೃಪ್ತಿಯಾಗಲಿಲ್ಲ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಎನ್‌ಬಿಸಿ ಕಾಲದ ಜೆಪರ್ಡಿ ಆಟಗಳ ಕಾಗದಪತ್ರ ಮೈಕ್ರೋಫಿಲ್ಮ್ ಮೇಲೆ, ಅಂದರೆ ಪುಟಗಳನ್ನು ಸಣ್ಣದಾಗಿ ಫೋಟೋ ತೆಗೆದಿಟ್ಟ ಫಿಲ್ಮ್ ಸುರುಳಿಯಲ್ಲಿ, ಇದೆ. ಪೂರ್ತಿ ಅಲ್ಲ, ಅಲ್ಲಲ್ಲಿ ಕೊರತೆ ಇದೆ. ಚಿತ್ರ ಅಳಿಸಿಹೋದರೂ ಕಾಗದ ಉಳಿದಿದೆಯಲ್ಲ ಎಂದು ಅಲ್ಲಿಗೂ ಹೋದೆ. ಹದಿನಾರು ದಾಟಿದ ಯಾರು ಬೇಕಾದರೂ ಫೋಟೋ ಇರುವ ಗುರುತಿನ ಚೀಟಿ ತೋರಿಸಿ ಓದುಗರ ಕಾರ್ಡ್ ಮಾಡಿಸಿಕೊಳ್ಳಬಹುದು. ಒಂದು ಪೈಸೆ ಖರ್ಚಿಲ್ಲ. ಲೈಬ್ರರಿಯ ಮ್ಯಾಡಿಸನ್ ಕಟ್ಟಡದಲ್ಲೇ ಸಿನಿಮಾ, ಟೀವಿ ವಿಭಾಗದ ಓದುವ ಕೋಣೆಯೂ ಇದೆ. ಟೇಪ್ ಅಥವಾ ಫಿಲ್ಮ್ ನೋಡಬೇಕೆಂದರೆ ಬಹಳ ಮೊದಲೇ ಬರೆದು ತಿಳಿಸಬೇಕು. ಅವೆಲ್ಲ ವರ್ಜೀನಿಯಾದ ಕಲ್ಪೆಪರ್‌ನಲ್ಲಿ ಇರುತ್ತವೆ. ಅಲ್ಲಿನ ಉಗ್ರಾಣ ಶೀತಲ ಸಮರದ ಕಾಲದಲ್ಲಿ ಕೇಂದ್ರ ಬ್ಯಾಂಕು ನೋಟಿನ ಕಂತೆ ಬಚ್ಚಿಡಲು ಗುಡ್ಡದೊಳಗೆ ಕಟ್ಟಿಸಿದ್ದು. ಈಗ ಅಲ್ಲಿ ಫಿಲ್ಮ್, ಟೇಪ್, ಹಾಡಿನ ತಟ್ಟೆಗಳು. ಒಂದು ಕಾಲದಲ್ಲಿ ಟೇಪ್ ದುಬಾರಿ ಎಂದು ಅಳಿಸಿದರು. ಈಗ ಉಳಿದದ್ದನ್ನು ಹಣ ಇಟ್ಟಿದ್ದ ಜಾಗದಲ್ಲಿ ಇಟ್ಟು ಕಾಯುತ್ತಿದ್ದಾರೆ.

ಮೈಕ್ರೋಫಿಲ್ಮ್ ಓದುವುದು ತಾಳ್ಮೆಯ ಕೆಲಸ. ಸುರುಳಿ ತಿರುಗಿಸುತ್ತಾ ಹೋಗಬೇಕು, ಅಕ್ಷರ ಮಸುಕು, ಕಣ್ಣು ಉರಿಯುತ್ತದೆ. ಗಂಟೆಗೊಮ್ಮೆ ಎದ್ದು ಓಡಾಡಿ. ಆದರೂ ಒಂದು ಹೊತ್ತಿನಲ್ಲಿ ನನಗೆ ಗೊತ್ತಿಲ್ಲದೆಯೇ ಮನಸ್ಸಿನೊಳಗೆ ಫ್ಲೆಮಿಂಗ್ ದನಿಯಲ್ಲೇ ಓದತೊಡಗಿದ್ದೆ. ಪೇಲಿಯಲ್ಲಿ ಮೊದಲೇ ನೋಡಿರದಿದ್ದರೆ ಅದು ಬರೀ ಕಾಗದ ಆಗಿರುತ್ತಿತ್ತು. ಹಾಗಾಗಿ ಇದೇ ಕ್ರಮದಲ್ಲಿ ಹೋಗಿ: ಮೊದಲು ಎಪಿಸೋಡ್, ಆಮೇಲೆ ಕಾಗದ.

ಇನ್ನು ಉಳಿದಿರುವುದು ಲಾಸ್ ಏಂಜಲೀಸ್. ಯುಸಿಎಲ್‌ಎ ವಿಶ್ವವಿದ್ಯಾಲಯದ ಫಿಲ್ಮ್ ಮತ್ತು ಟೀವಿ ಸಂಗ್ರಹದಲ್ಲಿ 1967, 1971, 1973, 1974ರ ಕೆಲವು ಎಪಿಸೋಡ್‌ಗಳಿವೆ. ಅಲ್ಲೂ ಮೊದಲೇ ಬರೆದು ಸಮಯ ತೆಗೆದುಕೊಳ್ಳಬೇಕು. ಅಕ್ಕನ ಮಗ ಅಲ್ಲೇ ಹತ್ತಿರದಲ್ಲಿ ಇದ್ದಾನೆ. ಬೇಸಿಗೆ ರಜೆಗೆ ಬರುತ್ತೇನೆ ಎಂದು ಹೇಳಿದ್ದೇನೆ, ಡಿಸ್ನಿಲ್ಯಾಂಡ್‌ಗೆ ಎರಡು ದಿನ, ನನಗೆ ಒಂದು ದಿನ ಎಂದು ಮಾತಾಗಿದೆ. ಮೊನ್ನೆ ಅರ್ಜಿ ಕಳಿಸಿದೆ. ಮೊದಲ ಸಾಲಿನಲ್ಲೇ 1967ರದ್ದು ಕೇಳಿದ್ದೇನೆ.