ನೆಟ್ ಹೋದಾಗ ಪಿಂಗ್ ಹಿಡಿದು ಕೂರಿ

ಡಿಪ್ಲೊಮಾ ಓದುವಾಗ ಓಎಸ್‌ಐನ 7 ಪದರಗಳನ್ನು, ಅಂದರೆ ನೆಟ್‌ವರ್ಕಿನ ಕೆಲಸವನ್ನು ಹಂತಹಂತವಾಗಿ ವಿಂಗಡಿಸಿದ ಪುಸ್ತಕದ ಮಾದರಿಯನ್ನು, ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದೆ. ಒಂದು ಮಳೆಗಾಲ ಶಿರಸಿಯ ನಮ್ಮ ಮನೆಯಲ್ಲಿ ನೆಟ್ ಹೋಯಿತು. "ಏನಾಗಿದೆ ನೋಡೋ" ಅಂದರು ಅಪ್ಪ. ರೌಟರ್ ಆಫ್ ಮಾಡಿ ಆನ್ ಮಾಡಿದ್ದು ಬಿಟ್ಟರೆ ಬೇರೇನೂ ತೋಚಲಿಲ್ಲ. ಅದಕ್ಕೇ ಹೇಳುತ್ತೇನೆ, ಪದರಗಳು ಆಮೇಲೆ. ಮೊದಲು ವಿಂಡೋಸ್‌ನಲ್ಲಿ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ, ಕಮಾಂಡ್ ಪ್ರಾಂಪ್ಟ್ ತೆಗೆಯಿರಿ.

ಐಪಿಕಾನ್ಫಿಗ್ (ipconfig) ಎಂದು ಟೈಪ್ ಮಾಡಿ. 192.168 ಎಂದು ಶುರುವಾಗುವ ನಂಬರ್ ಇದ್ದರೆ, ಸಾಮಾನ್ಯವಾಗಿ ಅದು ರೌಟರ್ ಕೊಟ್ಟ ವಿಳಾಸ. ಹಂಚುವ ಕೆಲಸ ರೌಟರಿನೊಳಗಿನ ಡಿಎಚ್‌ಸಿಪಿ ಎಂಬ ವ್ಯವಸ್ಥೆಯದು. 169.254 ಕಂಡರೆ ಯಾರೂ ವಿಳಾಸ ಕೊಟ್ಟಿಲ್ಲ, ಕಂಪ್ಯೂಟರೇ ತನಗೊಂದು ಇಟ್ಟುಕೊಂಡಿದೆ ಎಂದರ್ಥ. ಆಗ ತೊಂದರೆ ಸಾಮಾನ್ಯವಾಗಿ ಮನೆಯೊಳಗೇ ಇರುತ್ತದೆ. ಸುಮ್ನೆ ಕಂಪನಿಗೆ ಫೋನ್ ಮಾಡಿ ಜಗಳ ಆಡಬೇಡಿ.

ಇನ್ನು ಪಿಂಗ್. ಮೈಕ್ ಮ್ಯೂಸ್ 1983ರಲ್ಲಿ ಬರೆದ ಪುಟ್ಟ ಪ್ರೋಗ್ರಾಂ. ಹೆಸರು ಸೋನಾರ್ ಸದ್ದಿನದು. ಕೂಗು ಹಾಕಿ, ಓಗೊಡುತ್ತಾರಾ ಎಂದು ಕಾಯುವುದಷ್ಟೇ ಅದರ ಕೆಲಸ. ping ಎಂದು ಬರೆದು, ಮುಂದೆ ನಂಬರ್ ಅಥವಾ ಹೆಸರು ಹಾಕಿ ಮೂರು ಸಲ ಕೂಗಿ. ಮೊದಲು ಡಿಫಾಲ್ಟ್ ಗೇಟ್‌ವೇ ಎಂದು ತೋರಿಸಿದ ನಂಬರಿಗೆ, ಅಂದರೆ ನಿಮ್ಮ ರೌಟರಿಗೆ. ಆಮೇಲೆ ಗೂಗಲ್‌ನ 8.8.8.8ಕ್ಕೆ. ಕೊನೆಗೆ ವಿಕಿಪೀಡಿಯದ ಹೆಸರಿಗೆ (wikipedia.org). ಎಲ್ಲಿ ಓಗೊಡುವುದು ನಿಂತಿತೋ ಅಲ್ಲಿಂದ ಹುಡುಕಬೇಕು. ನಮ್ಮ ಮನೆಯಲ್ಲಿ ಎರಡನೆಯದು ಸರಿಯಿತ್ತು, ಮೂರನೆಯದು ಸತ್ತಿತ್ತು. ದಾರಿ ಇದೆ, ಹೆಸರನ್ನು ನಂಬರು ಮಾಡಿಕೊಡುವ ಡಿಎನ್‌ಎಸ್ ಮಾತ್ರ ಕೈಕೊಟ್ಟಿದೆ! ಇದು ತಿಳಿಯಲು ನನಗೆ ಒಂದು ವಾರ ಬೇಕಾಯಿತು. ಲ್ಯಾಪ್‌ಟಾಪಿನ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಬದಲಿಸಲು ಎರಡು ನಿಮಿಷ.

ಇಷ್ಟು ಕೈಗೆ ಹತ್ತಿದ ಮೇಲೆ ವೈರ್‌ಶಾರ್ಕ್ ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತದೆ. ನೆಟ್‌ನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು, ಅಂದರೆ ಡೇಟಾದ ತುಣುಕುಗಳನ್ನು, ಸಾಲುಸಾಲಾಗಿ ತೋರಿಸುವ ಪ್ರೋಗ್ರಾಂ ಅದು. ನಿಮ್ಮ ಮನೆಯ ನೆಟ್‌ನಲ್ಲೇ ನೋಡಿ, ಆಫೀಸಿನಲ್ಲಿ ಕೇಳದೆ ಬೇಡ. ಸಾಲುಗಳು ಮಳೆಯ ಹಾಗೆ ಸುರಿಯುತ್ತವೆ, ಹೆದರಬೇಡಿ. ಫಿಲ್ಟರ್‌ನಲ್ಲಿ ಡಿಎನ್‌ಎಸ್ (dns) ಎಂದು ಹಾಕಿ, ಇತ್ತ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೆಸರಿನ ನಂಬರ್ ಕೇಳುವ ಎನ್‌ಎಸ್‌ಲುಕಪ್ (nslookup), ಜೊತೆಗೆ ಒಂದು ಸೈಟಿನ ಹೆಸರು ಕೊಡಿ. ಪ್ರಶ್ನೆ ಹೋಗುವುದು, ಉತ್ತರ ಬರುವುದು ಕಣ್ಣೆದುರೇ ಕಾಣುತ್ತದೆ. ಆಮೇಲೆ ಫಿಲ್ಟರ್‌ಗೆ ಟಿಸಿಪಿ (tcp) ಹಾಕಿ ಒಂದು ವೆಬ್ ಪುಟ ತೆರೆಯಿರಿ. ಟಿಸಿಪಿ ಎಂದರೆ ಮೊದಲು ಸಂಪರ್ಕ ಖಚಿತಪಡಿಸಿಕೊಂಡು ಡೇಟಾ ಕಳಿಸುವ ವಿಧಾನ. ಸಿನ್, ಸಿನ್-ಆ್ಯಕ್, ಆ್ಯಕ್. ಸಿಗ್ನಲ್ ಸರಿಯಿಲ್ಲದ ಊರಿನ ಫೋನ್ ಮಾತಿನ ಹಾಗೆ: "ಕೇಳ್ತಾ?" "ಕೇಳ್ತು, ನಿಂಗೆ?" "ನಂಗೂ ಕೇಳ್ತು." ಆದರೆ ಡಿಎನ್‌ಎಸ್ ಪ್ರಶ್ನೆಗೆ ಈ ಉಪಚಾರ ಇರಲಿಲ್ಲ, ಅಲ್ವಾ? ಅದು ಸಾಮಾನ್ಯವಾಗಿ ಇಂಥ ಮುನ್ಮಾತಿಲ್ಲದೆ ಕಳಿಸುವ ಯುಡಿಪಿ ಎಂಬ ವಿಧಾನದಲ್ಲಿ ಹೋಗುತ್ತದೆ. ಒಂದು ಸಣ್ಣ ಪ್ರಶ್ನೆ, ಒಂದು ಉತ್ತರ. ಬರದಿದ್ದರೆ ಮತ್ತೆ ಕೇಳಿದರಾಯಿತು.

ಈಗ ಬೇಕಾದರೆ ಪುಸ್ತಕದ ಆ ಪದರಗಳ ಚಿತ್ರ ಬಿಡಿಸಿಟ್ಟುಕೊಂಡು ಯಾವುದಾದರೂ ಒಂದು ಪ್ಯಾಕೆಟ್ ಮೇಲೆ ಕ್ಲಿಕ್ ಮಾಡಿ. ಈಥರ್ನೆಟ್, ಅದರೊಳಗೆ ಐಪಿ, ಅದರೊಳಗೆ ಟಿಸಿಪಿ. ಎಣಿಸಿ ನೋಡಿ, 7 ಸಿಗುವುದಿಲ್ಲ.